ಯಂತ್ರಬುದ್ಧಿಯ ಮುಂದೆ ಎರಡು ಕಸುಬುಗಳು

ಹತ್ತನೆಯ ತರಗತಿಯ ಪರೀಕ್ಷೆಯ ಫಲಿತಾಂಶ ಹೊರಬಿದ್ದೊಡನೆ ನಮ್ಮ ಊರುಗಳಲ್ಲಿ ಮನೆಮನೆಗೂ ಒಂದು ಸಣ್ಣ ಸಭೆ ಸೇರುತ್ತದೆ. ಮಗುವನ್ನು ಮುಂದೆ ಏನು ಓದಿಸಬೇಕು? ಪಾಲಿಟೆಕ್ನಿಕ್ಕಿಗೆ ಕಳುಹಿಸುವುದಾದರೆ ಯಾವ ವಿಭಾಗ? ಪಿ.ಯು.ಸಿ. ಮುಗಿಸಿ ಇಂಜಿನಿಯರಿಂಗಿಗೆ ಹೋಗುವುದಾದರೆ ಯಾವ ಶಾಖೆ? ಸುಮಾರು ಮೂವತ್ತು ವರ್ಷಗಳಿಂದ ಈ ಸಭೆಗಳ ತೀರ್ಮಾನ ಬಹುಮಟ್ಟಿಗೆ ಒಂದೇ ಆಗಿರುತ್ತಿತ್ತು. ಅಂಕಗಳು ಹೆಚ್ಚಾಗಿ ಬಂದವರಿಗೆ ಕಂಪ್ಯೂಟರ್. ಅದು ಸಿಕ್ಕದವರಿಗೆ ವಿದ್ಯುತ್ತು, ಯಂತ್ರ, ಕಟ್ಟಡ ಮುಂತಾದ ಉಳಿದ ವಿಭಾಗಗಳು. ಈಚೆಗೆ ಈ ತೀರ್ಮಾನದ ಬುಡದಲ್ಲಿಯೇ ಒಂದು ಸಂದೇಹ ತಲೆದೋರಿದೆ. ಕಂಪ್ಯೂಟರಿಗೆ ಬೇಕಾದ ಕ್ರಮವಿಧಿಗಳನ್ನು ಈಗ ಕಂಪ್ಯೂಟರೇ ಬರೆದುಕೊಳ್ಳುತ್ತದಂತೆ. ಹಾಗಾದರೆ ಅದನ್ನು ಕಲಿತವನಿಗೆ ಉಳಿಯುವುದೇನು, ಅದಕ್ಕಿಂತ ತಂತಿ ಎಳೆಯುವ ಕಸುಬೇ ಮೇಲಲ್ಲವೆ ಎಂದು ತಂದೆತಾಯಿಗಳು ಕೇಳುತ್ತಿದ್ದಾರೆ. ಸಾಲ ಮಾಡಿ ಓದಿಸತಕ್ಕ ಮನೆಗಳಿಗೆ ಇದು ಹೊತ್ತು ಕಳೆಯುವ ಪ್ರಶ್ನೆಯಲ್ಲ, ಮಗುವಿನ ಮೂವತ್ತು ನಲವತ್ತು ವರ್ಷಗಳ ಅನ್ನದ ಪ್ರಶ್ನೆ. ಕನ್ನಡ ಪಾಠ ಹೇಳುವ ಉಪಾಧ್ಯಾಯನನ್ನೂ ಇದು ಬಿಡುವುದಿಲ್ಲ. ಆದುದರಿಂದ ಈ ಎರಡು ಕಸುಬುಗಳನ್ನೂ ಎದುರೆದುರಾಗಿ ಇರಿಸಿ ನೋಡೋಣ.

ಮೊದಲು ಈ ಕೃತಕ ಬುದ್ಧಿಯ ಪರಿಚಯ. ಹೆಸರು ಹೊಸದೇನಲ್ಲ. ೧೯೫೬ರ ಬೇಸಗೆಯಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಕೆಲವರು ವಿದ್ವಾಂಸರು ಸೇರಿದ ಗೋಷ್ಠಿಯೊಂದು ಈ ಹೆಸರಿನಿಂದಲೇ ನಡೆಯಿತು. ಬಹುಕಾಲ ಪ್ರಯೋಗಶಾಲೆಗಳಲ್ಲಿಯೇ ಇದ್ದ ಈ ವಿದ್ಯೆ, ೨೦೨೨ರ ನವೆಂಬರ್ ೩೦ರಂದು ಚಾಟ್‌ಜಿಪಿಟಿ ಎಂಬುದು ಸಾರ್ವಜನಿಕರಿಗೆ ತೆರೆದ ಮೇಲೆ ಮನೆಮಾತಾಯಿತು. ಸ್ಥೂಲವಾಗಿ ಹೇಳುವುದಾದರೆ, ಮನುಷ್ಯರು ಬರೆದಿಟ್ಟ ಅಪಾರವಾದ ಬರವಣಿಗೆಯನ್ನು ಯಂತ್ರಕ್ಕೆ ಉಣಿಸಿ, ಯಾವ ಮಾತಿನ ಬಳಿಕ ಯಾವ ಮಾತು ಬರುವುದೆಂಬುದನ್ನು ಅದು ಕೋಟಿ ಕೋಟಿ ಸಲ ಊಹಿಸಿ, ತಪ್ಪಿ, ತಿದ್ದಿಕೊಂಡು ಕಲಿಯುವಂತೆ ಮಾಡಿದ್ದಾರೆ. ಇದು ಬರಿಯ ಬಾಯಿಪಾಠವಲ್ಲ. ಸಾವಿರಾರು ಸಂಧಿಗಳನ್ನು ಬಿಡಿಸಿ ಪಳಗಿದ ವಿದ್ಯಾರ್ಥಿ, ಸೂತ್ರ ನೆನಪಿಲ್ಲದಿದ್ದರೂ, ಎಂದೂ ಕಾಣದ ಪದವೊಂದನ್ನು ಸರಿಯಾಗಿ ಬಿಡಿಸುವುದುಂಟಷ್ಟೆ. ಅದೇ ರೀತಿಯಲ್ಲಿ ಈ ಯಂತ್ರವೂ ಹೊಸ ವಾಕ್ಯಗಳನ್ನು ಹೊಂದಿಸಬಲ್ಲುದು. ಪಳಗಿದ ವಿದ್ಯಾರ್ಥಿಯಂತೆಯೇ ಕೆಲವೊಮ್ಮೆ ತಪ್ಪನ್ನೂ ಅಳುಕಿಲ್ಲದೆ ಹೇಳಬಲ್ಲುದು.

ಒಂದು ಕಸುಬು ಈ ಯಂತ್ರಕ್ಕೆ ಎಷ್ಟು ಸಿಕ್ಕುತ್ತದೆ ಎಂಬುದನ್ನು ಅರ್ಥಶಾಸ್ತ್ರಜ್ಞರು ಅಳೆಯಲು ಯತ್ನಿಸಿದ್ದಾರೆ. ಅವರು ಬಳಸುವ ಮಾತಿಗೆ ಕನ್ನಡದಲ್ಲಿ ‘ಒಡ್ಡಿಕೆ’ ಎನ್ನಬಹುದು. ಗಾಳಿಗೆ ಎದೆಯೊಡ್ಡುವುದು, ಬಿಸಿಲಿಗೆ ಮೈಯೊಡ್ಡುವುದು ಎಂಬ ಮಾತುಗಳು ನಮಗೆ ಪರಿಚಿತವೇ ಆಗಿವೆ. ಆದರೆ ಬಿಸಿಲಿಗೆ ಒಡ್ಡಿದ ವಸ್ತುಗಳೆಲ್ಲಕ್ಕೂ ಒಂದೇ ಗತಿಯಾಗುವುದಿಲ್ಲ. ಬೆಣ್ಣೆ ಕರಗುತ್ತದೆ, ಒದ್ದೆ ಬಟ್ಟೆ ಒಣಗುತ್ತದೆ, ಹಸಿ ಇಟ್ಟಿಗೆ ಗಟ್ಟಿಯಾಗುತ್ತದೆ. ಬಿಸಿಲು ಒಂದೇ, ಪರಿಣಾಮ ಬೇರೆ. ಒಂದು ಕಸುಬಿಗೆ ಒಡ್ಡಿಕೆ ಹೆಚ್ಚೆಂದರೆ ಅದು ನಾಶವಾಗುತ್ತದೆಂದು ಅರ್ಥವಲ್ಲ, ಬದಲಾಗುತ್ತದೆಂದು ಅರ್ಥ. ಕರಗುವುದೊ ಗಟ್ಟಿಯಾಗುವುದೊ ಎಂಬುದು ಒಡ್ಡಿದ ವಸ್ತುವಿನ ಗುಣವನ್ನು ಅವಲಂಬಿಸಿದೆ.

ಈ ವಿಷಯದಲ್ಲಿ ಎರಡು ಅಧ್ಯಯನಗಳು ಬಹಳ ಹೆಸರಾದವು. ೨೦೧೩ರಲ್ಲಿ ಆಕ್ಸ್‌ಫರ್ಡಿನ ಫ್ರೇ ಮತ್ತು ಆಸ್ಬರ್ನ್ ಎಂಬಿಬ್ಬರು ಅಮೆರಿಕದ ೭೦೨ ಕಸುಬುಗಳನ್ನು ಪರಿಶೀಲಿಸಿ, ಅಲ್ಲಿಯ ಉದ್ಯೋಗಗಳಲ್ಲಿ ಶೇಕಡ ೪೭ರಷ್ಟು ಯಂತ್ರಗಳ ಪಾಲಾಗುವ ಅಪಾಯದಲ್ಲಿವೆ ಎಂದರು. ಅವರ ಎಣಿಕೆಯಲ್ಲಿ ಕಡಿಮೆ ಸಂಬಳದ, ಕಡಿಮೆ ಓದಿನ ಕೆಲಸಗಳಿಗೇ ಭಯ ಹೆಚ್ಚು. ಹತ್ತು ವರ್ಷ ಕಳೆದು, ೨೦೨೩ರಲ್ಲಿ, ಚಾಟ್‌ಜಿಪಿಟಿಯನ್ನು ಹೊರತಂದ ಓಪನ್‌ಎಐ ಸಂಸ್ಥೆಯವರೂ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದವರೂ ಕೂಡಿ ಮತ್ತೊಂದು ಎಣಿಕೆ ಮಾಡಿದರು. ಗುಣ ಕೆಡದಂತೆ ಒಂದು ಕೆಲಸದ ಅವಧಿಯನ್ನು ಯಂತ್ರ ಅರ್ಧಕ್ಕಾದರೂ ಇಳಿಸಬಲ್ಲುದಾದರೆ ಆ ಕೆಲಸಕ್ಕೆ ಒಡ್ಡಿಕೆ ಇದೆ ಎಂಬುದು ಅವರ ಅಳತೆಗೋಲು. ಅಮೆರಿಕದ ದುಡಿಯುವವರಲ್ಲಿ ಶೇಕಡ ೮೦ ಮಂದಿಯ ಕೆಲಸದಲ್ಲಿ ಹತ್ತರಲ್ಲೊಂದು ಭಾಗವಾದರೂ, ಶೇಕಡ ೧೯ರಷ್ಟು ಮಂದಿಯ ಕೆಲಸದಲ್ಲಿ ಅರ್ಧಭಾಗವಾದರೂ ಈ ಅಳತೆಗೆ ಸಿಕ್ಕಬಹುದೆಂದು ಅವರು ಕಂಡರು. ವಿಶೇಷವೆಂದರೆ, ಈ ಸಲ ಚಿತ್ರ ತಲೆಕೆಳಗಾಗಿತ್ತು. ಹೆಚ್ಚು ಸಂಬಳದ ಕೆಲಸಗಳಿಗೇ ಒಡ್ಡಿಕೆ ಹೆಚ್ಚು. ಬರವಣಿಗೆಯೂ ಕ್ರಮವಿಧಿ ರಚನೆಯೂ ಮುಖ್ಯವಾಗಿರುವ ಕಸುಬುಗಳು ಮುಂಚೂಣಿಯಲ್ಲಿದ್ದವು. ಯಾವ ಭಾಗವೂ ಒಡ್ಡಿಕೆಗೆ ಒಳಗಾಗದ ಕಸುಬುಗಳ ಸಣ್ಣ ಪಟ್ಟಿಯಲ್ಲಿ ವಿದ್ಯುತ್ ಮಾರ್ಗಗಳನ್ನು ಎಳೆದು ದುರಸ್ತಿ ಮಾಡುವವರ ಕಸುಬು ಸೇರಿತ್ತು. ನಮ್ಮ ಪ್ರಶ್ನೆಯ ಎರಡು ತುದಿಗಳೂ ಇಲ್ಲಿ ಸಿಕ್ಕಿದವು.

ಕ್ರಮವಿಧಿ ಬರೆಯುವ ಕಸುಬು ಇಷ್ಟು ಸುಲಭವಾಗಿ ಯಂತ್ರದ ಕೈಗೆ ಸಿಕ್ಕಿದ್ದೇಕೆ? ಮೊದಲನೆಯದಾಗಿ, ಅದು ಬರವಣಿಗೆಯ ಕಸುಬು. ಅದರ ಸಾಮಗ್ರಿ ಅಕ್ಷರ, ಅದರ ಫಲವೂ ಅಕ್ಷರ. ಎರಡನೆಯದಾಗಿ, ಆ ಕಸುಬಿನವರು ತಾವು ಬರೆದುದನ್ನು ಉದಾರವಾಗಿ ಲೋಕಕ್ಕೆ ತೆರೆದಿಟ್ಟಿದ್ದರು. ಯಂತ್ರಕ್ಕೆ ಓದಲು ಅಷ್ಟು ಪಾಠ ಬೇರೆ ಯಾವ ಕುಶಲವಿದ್ಯೆಯಲ್ಲಿಯೂ ಸಿಕ್ಕಿರಲಾರದು. ಮೂರನೆಯದಾಗಿ, ಬರೆದುದು ಸರಿಯೊ ತಪ್ಪೊ ಎಂಬುದನ್ನು ಒಡನೆಯೇ ಓಡಿಸಿ ನೋಡಬಹುದು. ಪದ್ಯವೊಂದು ಚೆನ್ನಾಗಿದೆಯೆ ಎಂಬುದಕ್ಕೆ ವಾದವುಂಟು. ಲೆಕ್ಕ ಸರಿಯಾಗಿ ಬಂದಿತೆ ಎಂಬುದಕ್ಕೆ ವಾದವಿಲ್ಲ. ನಾಲ್ಕನೆಯದಾಗಿ, ತಪ್ಪಿದರೆ ನಷ್ಟವಿಲ್ಲದೆ ಸಾವಿರ ಸಲ ಮತ್ತೆ ಪ್ರಯತ್ನಿಸಬಹುದು. ಈ ನಾಲ್ಕು ಅನುಕೂಲಗಳೂ ಒಂದೆಡೆ ಕೂಡಿದ ಕಡೆ ಯಂತ್ರ ಬೇಗ ಕಲಿಯುತ್ತದೆ.

ಹಾಗೆಂದ ಮಾತ್ರಕ್ಕೆ ಈ ಕಸುಬೆಲ್ಲ ಅಕ್ಷರ ಜೋಡಣೆಯೇ ಅಲ್ಲ. ಒಂದು ಸಹಕಾರ ಸಂಘಕ್ಕೆ ಸದಸ್ಯರ ಸಾಲದ ಬಡ್ಡಿಯನ್ನು ಲೆಕ್ಕ ಹಾಕುವ ಕ್ರಮವಿಧಿ ಬೇಕಾಗಿದೆಯೆಂದು ಇಟ್ಟುಕೊಳ್ಳಿ. ಸೂತ್ರವನ್ನು ಹೇಳಿದರೆ ಯಂತ್ರ ಅದನ್ನು ಕೆಲವೇ ನಿಮಿಷಗಳಲ್ಲಿ ಬರೆದುಕೊಡುತ್ತದೆ. ಆದರೆ ಕಂತಿನ ದಿನ ಭಾನುವಾರ ಬಿದ್ದರೆ ಬಡ್ಡಿ ಎಂದಿನಿಂದ? ಮಳೆ ತಪ್ಪಿದ ವರ್ಷದಲ್ಲಿ ಅವಧಿ ಮುಂದೂಡಿದ ಸಾಲಗಳ ಗತಿಯೇನು? ತೀರಿಹೋದ ಸದಸ್ಯನ ಸಾಲ ಮಗನ ಹೆಸರಿಗೆ ಬಂದಾಗ ಹಳೆಯ ರಿಯಾಯಿತಿ ಮುಂದುವರಿಯುತ್ತದೆಯೆ? ಇವುಗಳಲ್ಲಿ ಎಷ್ಟೋ ಯಾವ ಕಾಗದದಲ್ಲಿಯೂ ಇರುವುದಿಲ್ಲ. ಸಂಘದ ಕಾರ್ಯದರ್ಶಿಯ ನೆನಪಿನಲ್ಲಿ ಇರುತ್ತವೆ. ಅವನ ಎದುರು ಕುಳಿತು, ಕೇಳಬೇಕಾದುದನ್ನು ಕೇಳಿ, ಅವನು ಹೇಳದೆ ಬಿಟ್ಟುದನ್ನು ಊಹಿಸಿ, ಕೊನೆಗೆ ಲೆಕ್ಕ ತಪ್ಪಿದರೆ ‘ನಾನು ಹೊಣೆ’ ಎನ್ನುವ ಮನುಷ್ಯ ಬೇಕು. ಕೇಳುವುದು, ರೂಪಿಸುವುದು, ಬರೆಯುವುದು, ಪರೀಕ್ಷಿಸುವುದು, ಹೊಣೆ ಹೊರುವುದು — ಈ ಐದರಲ್ಲಿ ನಡುವಣ ಬರೆಯುವುದೂ ಪರೀಕ್ಷಿಸುವುದೂ ಬಿಸಿಲಿಗೆ ಬೆಣ್ಣೆಯಂತೆ. ಉಳಿದ ಮೂರು ಇಟ್ಟಿಗೆಯಂತೆ.

ಇಲ್ಲಿ ಹಿಂದಿನ ಚರಿತ್ರೆಯೊಂದನ್ನು ನೆನೆಯುವುದು ಉಚಿತ. ಆರಂಭದ ಕಂಪ್ಯೂಟರುಗಳಿಗೆ ಅಂಕೆಗಳ ಸಂಕೇತದಲ್ಲಿಯೇ ಆಜ್ಞೆಗಳನ್ನು ಬರೆಯಬೇಕಾಗಿತ್ತು. ೧೯೫೨ರ ಸುಮಾರಿಗೆ ಗ್ರೇಸ್ ಹಾಪರ್ ಎಂಬಾಕೆ ಈ ಸಂಕೇತವನ್ನು ಯಂತ್ರವೇ ಜೋಡಿಸಿಕೊಳ್ಳುವ ಉಪಾಯ ಮಾಡಿದಳು. ೧೯೫೭ರಲ್ಲಿ ಐಬಿಎಂ ಸಂಸ್ಥೆಯ ಜಾನ್ ಬ್ಯಾಕಸ್ ಮತ್ತು ಸಂಗಡಿಗರು, ಗಣಿತದ ಸೂತ್ರವನ್ನು ಹೆಚ್ಚು ಕಡಮೆ ಹಾಗೆಯೇ ಬರೆದರೆ ಸಾಕೆನ್ನುವ ಫೋರ್ಟ್ರಾನ್ ಭಾಷೆಯನ್ನು ಕೊಟ್ಟರು. ಆ ದಿನಗಳಲ್ಲಿ ಇದನ್ನು ‘ಸ್ವಯಂಚಾಲಿತ ಕ್ರಮವಿಧಿ ರಚನೆ’ ಎಂದೇ ಕರೆಯುತ್ತಿದ್ದರು. ಬರೆಯುವ ಶ್ರಮ ಕಡಮೆಯಾದ ಮೇಲೆ ಬರೆಯುವವರ ಸಂಖ್ಯೆ ಇಳಿಯಬೇಕಾಗಿತ್ತಲ್ಲವೆ? ಆದದ್ದು ವಿಪರೀತ. ಶ್ರಮ ಅಗ್ಗವಾದುದರಿಂದ ಹಿಂದೆ ಯಾರೂ ಕಂಪ್ಯೂಟರಿಗೆ ಒಪ್ಪಿಸದಿದ್ದ ಕೆಲಸಗಳನ್ನೆಲ್ಲ ಒಪ್ಪಿಸತೊಡಗಿದರು. ಮುಂದೆ ಭಾರತದಲ್ಲಿ ಐವತ್ತು ಲಕ್ಷಕ್ಕೂ ಮಿಕ್ಕಿದ ಜನರ ಉದ್ದಿಮೆಯಾಗಿ ಇದು ಬೆಳೆಯಿತು. ಬೆಂಗಳೂರಿನ ಇಂದಿನ ರೂಪವೇ ಇದರಿಂದ ಬಂದಿತೆಂದರೆ ತಪ್ಪಾಗಲಾರದು.

ಈ ಸಲವೂ ಹಾಗೆಯೇ ಆಗುತ್ತದೆಂದು ನಿಶ್ಚಿಂತರಾಗಿ ಕುಳಿತುಕೊಳ್ಳುವಂತಿಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಅರ್ಥಶಾಸ್ತ್ರಜ್ಞರು ೨೦೨೫ರಲ್ಲಿ ಅಮೆರಿಕದ ಸಂಬಳದ ದಾಖಲೆಗಳನ್ನು ತೆಗೆದು ನೋಡಿದರು. ೨೨ರಿಂದ ೨೫ ವರ್ಷ ವಯಸ್ಸಿನ ಸಾಫ್ಟ್‌ವೇರ್ ಕೆಲಸಗಾರರ ಸಂಖ್ಯೆ ೨೦೨೨ರ ಕೊನೆಯಲ್ಲಿ ಇದ್ದುದಕ್ಕಿಂತ ೨೦೨೫ರ ಜುಲೈ ವೇಳೆಗೆ ಸುಮಾರು ಶೇಕಡ ೨೦ರಷ್ಟು ಇಳಿದಿತ್ತು. ಅದೇ ಕಸುಬಿನ ಹಿರಿಯರ ಸಂಖ್ಯೆ ಹಾಗೆ ಇಳಿದಿರಲಿಲ್ಲ. ಬಡ್ಡಿಯ ದರ ಏರಿದ್ದು, ಕೋವಿಡ್ ಕಾಲದಲ್ಲಿ ಮಿತಿಮೀರಿ ಜನರನ್ನು ಸೇರಿಸಿಕೊಂಡದ್ದು ಇವೂ ಕಾರಣಗಳೆಂದು ಹೇಳುವವರು ಇದ್ದಾರೆ. ಅದೇನೇ ಇರಲಿ, ಹೊಸಬನಿಗೆ ಮೊದಲು ಕೊಡುತ್ತಿದ್ದ ಸಣ್ಣಪುಟ್ಟ ಬರವಣಿಗೆ, ತಿದ್ದುಪಡಿ, ಪರೀಕ್ಷೆಯ ಕೆಲಸಗಳನ್ನೇ ಯಂತ್ರ ಮೊದಲು ಎತ್ತಿಕೊಂಡಿದೆ ಎಂಬುದು ನಿಜ. ಏಣಿಯ ಮೇಲಿನ ಮೆಟ್ಟಿಲುಗಳು ಭದ್ರವಾಗಿಯೇ ಇವೆ, ಕೆಳಗಿನ ಎರಡು ಮೆಟ್ಟಿಲುಗಳು ಸಡಿಲವಾಗಿವೆ. ಕೆಳಗಿನ ಮೆಟ್ಟಿಲನ್ನು ಹತ್ತದೆ ಮೇಲಿನದನ್ನು ಮುಟ್ಟುವ ಬಗೆ ಯಾವುದು? ಈ ಕಸುಬಿನ ಕಷ್ಟ ಇರುವುದು ಇಲ್ಲಿ.

ಇನ್ನೊಂದು ಪರೀಕ್ಷೆಯನ್ನೂ ಹೇಳಬೇಕು. ೨೦೨೫ರಲ್ಲಿ ಮೆಟರ್ ಎಂಬ ಸಂಸ್ಥೆ ನುರಿತ ೧೬ ಮಂದಿ ರಚನಕಾರರಿಗೆ ಅವರಿಗೆ ಚಿರಪರಿಚಿತವಾದ ಕೆಲಸಗಳನ್ನೇ ಕೊಟ್ಟು, ಕೆಲವನ್ನು ಕೃತಕ ಬುದ್ಧಿಯ ನೆರವಿನಿಂದಲೂ ಕೆಲವನ್ನು ನೆರವಿಲ್ಲದೆಯೂ ಮಾಡಿಸಿತು. ನೆರವಿನಿಂದ ಶೇಕಡ ೨೦ರಷ್ಟು ಬೇಗ ಮುಗಿಯಿತೆಂದು ಅವರು ನಂಬಿದ್ದರು. ಗಡಿಯಾರ ನೋಡಿದರೆ ಶೇಕಡ ೧೯ರಷ್ಟು ಹೆಚ್ಚು ಕಾಲ ಹಿಡಿದಿತ್ತು. ಯಂತ್ರಗಳು ದಿನದಿನಕ್ಕೆ ಸುಧಾರಿಸುತ್ತಿರುವುದರಿಂದ ಈ ಲೆಕ್ಕ ಶಾಶ್ವತವೇನಲ್ಲ. ಆದರೆ ಯಂತ್ರ ಬರೆದುದನ್ನು ಓದಿ ತೂಗಿ ನೋಡುವುದೂ ಒಂದು ಕೆಲಸವೆಂಬುದನ್ನು ಅದು ತೋರಿಸಿಕೊಟ್ಟಿತು.

ಈಗ ವಿದ್ಯುತ್ತಿನ ಕಸುಬಿಗೆ ಬರೋಣ. ಇದು ನಮ್ಮ ನಾಡಿಗೆ ಹಳೆಯ ನೆಂಟ. ೧೯೦೨ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು ೧೪೭ ಕಿಲೊಮೀಟರು ದೂರ ವಿದ್ಯುತ್ತನ್ನು ಒಯ್ದರು. ೧೯೦೫ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿತು. ಅಂದಿನಿಂದ ಇಂದಿನವರೆಗೆ ಉತ್ಪಾದನೆಯ ವಿಧಾನಗಳು ಎಷ್ಟೋ ಬದಲಾಗಿವೆ. ಆದರೆ ಕೊನೆಯ ಕಂಬದಿಂದ ಮನೆಯ ಸ್ವಿಚ್ಚಿನವರೆಗಿನ ಕೆಲಸ ಈಗಲೂ ಮನುಷ್ಯನ ಕೈಯಲ್ಲಿಯೇ ಇದೆ.

ಕಾರಣವನ್ನು ಒಂದು ದೃಷ್ಟಾಂತದಿಂದ ನೋಡಬಹುದು. ಒಂದು ಮನೆಯಲ್ಲಿ ಮಳೆ ಬಂದಾಗಲೆಲ್ಲ ರಕ್ಷಣೆಯ ಸ್ವಿಚ್ಚು ತಾನಾಗಿ ಬಿದ್ದುಹೋಗುತ್ತದೆ. ಕೃತಕ ಬುದ್ಧಿಯನ್ನು ಕೇಳಿದರೆ ಇದಕ್ಕೆ ಇರಬಹುದಾದ ಎಂಟು ಹತ್ತು ಕಾರಣಗಳನ್ನು ಅಚ್ಚುಕಟ್ಟಾಗಿ ಬರೆದುಕೊಡುತ್ತದೆ. ಅವುಗಳಲ್ಲಿ ಈ ಮನೆಯದು ಯಾವುದು? ಬಂದ ಕುಶಲಿ ಒಂದೊಂದೇ ಮಾರ್ಗವನ್ನು ಬೇರ್ಪಡಿಸಿ, ತಂತಿಯ ಹೊದಿಕೆಯ ರೋಧವನ್ನು ಮಾಪಕದಿಂದ ಅಳೆದು, ಗೋಡೆಯ ತೇವವನ್ನು ಅಂಗೈಯಿಂದ ತಡವಿ, ಹದಿನೈದು ವರ್ಷಗಳ ಹಿಂದೆ ಯಾರೊ ನಕ್ಷೆಯಿಲ್ಲದೆ ಎಳೆದ ತಂತಿಯ ಜಾಡು ಹಿಡಿದು, ಕೊನೆಗೆ ಬಚ್ಚಲುಮನೆಯ ಹಿಂದಣ ಪೆಟ್ಟಿಗೆಯೊಂದನ್ನು ಬಿಚ್ಚುತ್ತಾನೆ. ಹಿಂದೆ ಹೇಳಿದ ನಾಲ್ಕು ಅನುಕೂಲಗಳಲ್ಲಿ ಒಂದೂ ಇಲ್ಲಿಲ್ಲ. ಕೆಲಸ ಅಕ್ಷರದಲ್ಲಿಲ್ಲ; ಗೋಡೆಯೊಳಗಣ ತಂತಿಯ ವಿಚಾರ ಯಾವ ಗ್ರಂಥದಲ್ಲಿಯೂ ಬರೆದಿಲ್ಲ; ತಪ್ಪು ಕೆಲವೊಮ್ಮೆ ಮುಂದಿನ ಮಳೆಗಾಲದವರೆಗೆ ತಿಳಿಯುವುದಿಲ್ಲ; ೨೩೦ ವೋಲ್ಟಿನೊಡನೆ ಸಾವಿರ ಸಲ ತಪ್ಪಿ ಕಲಿಯುವುದಂತೂ ಸಾಧ್ಯವಿಲ್ಲ.

ಯಂತ್ರಮಾನವರು ಬಂದರೆ ಏನಾದೀತು ಎಂದು ಕೇಳಬಹುದು. ಹ್ಯಾನ್ಸ್ ಮೊರಾವೆಕ್ ಎಂಬ ವಿಜ್ಞಾನಿ ೧೯೮೦ರ ದಶಕದಲ್ಲಿಯೇ ಒಂದು ವಿಚಿತ್ರವನ್ನು ಗುರುತಿಸಿದನು. ದೊಡ್ಡವರಿಗೆ ಕಷ್ಟವಾದ ಲೆಕ್ಕ, ಚದುರಂಗ ಮುಂತಾದವು ಯಂತ್ರಕ್ಕೆ ಸುಲಭ. ವರ್ಷದ ಮಗುವಿಗೆ ಸುಲಭವಾದ ನೋಡುವುದು, ಹಿಡಿಯುವುದು, ನಡೆಯುವುದು ಯಂತ್ರಕ್ಕೆ ಕಷ್ಟ. ೧೯೯೭ರಲ್ಲಿ ಡೀಪ್ ಬ್ಲೂ ಎಂಬ ಕಂಪ್ಯೂಟರ್ ವಿಶ್ವವಿಜೇತ ಕ್ಯಾಸ್ಪರೋವನನ್ನು ಚದುರಂಗದಲ್ಲಿ ಸೋಲಿಸಿತು. ಆದರೆ ಅದರ ಪರವಾಗಿ ಮಣೆಯ ಮೇಲೆ ಕಾಯಿ ನಡೆಸಲು ಮನುಷ್ಯನೊಬ್ಬ ಕುಳಿತಿರಬೇಕಾಯಿತು. ಕಾರ್ಖಾನೆಯಲ್ಲಿ ಒಂದೇ ಬಗೆಯ ಕೆಲಸವನ್ನು ಯಂತ್ರದ ಕೈ ಮಾಡಬಲ್ಲುದು; ಹಳೆಯ ಪೇಟೆಯ ಇಕ್ಕಟ್ಟಾದ ಅಟ್ಟಕ್ಕೆ ಹತ್ತಿ ತಂತಿ ಬದಲಿಸುವುದು ಅದಕ್ಕೆ ಸದ್ಯಕ್ಕೆ ದೂರದ ಮಾತು.

ಹೊಣೆಯ ವಿಷಯವೂ ಉಂಟು. ಕ್ರಮವಿಧಿಯನ್ನು ಯಾರು ಬೇಕಾದರೂ ಬರೆಯಬಹುದು, ಅದಕ್ಕೆ ಸರಕಾರದ ಪರವಾನಗಿ ಬೇಡ. ವಿದ್ಯುತ್ ಅಳವಡಿಕೆಯನ್ನಾದರೋ ಪರವಾನಗಿ ಪಡೆದ ಗುತ್ತಿಗೆದಾರನೇ ಅರ್ಹತಾಪತ್ರವುಳ್ಳವರ ಮೇಲ್ವಿಚಾರಣೆಯಲ್ಲಿ ಮಾಡಿಸತಕ್ಕದ್ದೆಂದು ನಿಯಮವಿದೆ. ಕಂಬ ಹತ್ತುವ ಮುನ್ನ ‘ಲೈನ್ ಕ್ಲಿಯರ್’ ಪಡೆಯುವ ಪದ್ಧತಿಯನ್ನು ನೋಡಿ. ಮಾರ್ಗದ ವಿದ್ಯುತ್ತನ್ನು ಕಡಿದು, ಇಂಥ ಹೆಸರಿನ ಇಂಥ ಮನುಷ್ಯನಿಗೆ ಅನುಮತಿ ಕೊಡುತ್ತಾರೆ. ಅವನು ಕೆಲಸ ಮುಗಿಸಿ ಅದನ್ನು ಹಿಂದಿರುಗಿಸದ ಹೊರತು ವಿದ್ಯುತ್ತು ಹರಿಯಬಾರದು. ಒಬ್ಬ ಮನುಷ್ಯ ಇನ್ನೊಬ್ಬ ಮನುಷ್ಯನಿಗೆ ಕೊಡುವ ಮಾತಿನ ಮೇಲೆ ಒಂದು ಜೀವ ನಿಂತಿರುತ್ತದೆ. ಅಂಥ ಮಾತನ್ನು ಯಂತ್ರದ ಹೆಸರಿನಲ್ಲಿ ಬರೆಯಿಸಿಕೊಳ್ಳಲು ಯಾರೂ ಒಪ್ಪಲಾರರು.

ಹಾಗಾದರೆ ವಿದ್ಯುತ್ ಕಸುಬಿಗೆ ಒಡ್ಡಿಕೆಯೇ ಇಲ್ಲವೆ? ಅದೂ ಸರಿಯಲ್ಲ. ಮನೆಮನೆಗೆ ಬಂದು ಅಂಕಿ ಬರೆದುಕೊಳ್ಳುವವನ ಕೆಲಸವನ್ನು ತಾನಾಗಿ ಸುದ್ದಿ ಕಳುಹಿಸುವ ಹೊಸ ಮಾಪಕ ಮಾಡಬಲ್ಲುದು. ನಾಳೆ ಎಷ್ಟು ವಿದ್ಯುತ್ತು ಬೇಕಾದೀತೆಂಬ ಅಂದಾಜು, ಕಟ್ಟಡದ ತಂತಿಗಳ ನಕ್ಷೆ, ಸಾಮಗ್ರಿಯ ಪಟ್ಟಿ, ಹಾರುವ ಯಂತ್ರ ತೆಗೆದ ಚಿತ್ರದಲ್ಲಿ ಒಡೆದ ಪಿಂಗಾಣಿಯನ್ನು ಹುಡುಕುವುದು ಇವೆಲ್ಲ ಕೃತಕ ಬುದ್ಧಿಗೆ ಒಗ್ಗುವ ಕೆಲಸಗಳೇ. ಕುರ್ಚಿಯ ಮೇಲೆ ಕುಳಿತು ನಕ್ಷೆಯನ್ನು ಮಾತ್ರ ಬರೆಯುವ ವಿದ್ಯುತ್ ಇಂಜಿನಿಯರಿಗೆ ಒಡ್ಡಿಕೆ ಹೆಚ್ಚು. ಸಹಕಾರ ಸಂಘದ ಕಾರ್ಯದರ್ಶಿಯ ಎದುರು ಕುಳಿತು ಅವನ ಕಷ್ಟವನ್ನು ತಿಳಿಯುವ ಕಂಪ್ಯೂಟರ್ ಇಂಜಿನಿಯರಿಗೆ ಅಷ್ಟಿಲ್ಲ. ಕಸುಬಿನ ಹೆಸರನ್ನು ಕೇಳಿ ತೀರ್ಮಾನಿಸಿದರೆ ಈ ವ್ಯತ್ಯಾಸ ಕಾಣುವುದಿಲ್ಲ.

ಕಳೆದ ಕಾಲದ ಎರಡು ಕಸುಬುಗಳು ಇದನ್ನೇ ಹೇಳುತ್ತವೆ. ದೂರವಾಣಿ ಕೇಂದ್ರದಲ್ಲಿ ತಂತಿ ಸಿಕ್ಕಿಸಿ ಕರೆ ಜೋಡಿಸುವುದು ಒಂದೇ ಬಗೆಯ ಕೆಲಸವಾಗಿತ್ತು. ೧೯೬೦ರಲ್ಲಿ ಕಾನ್ಪುರ ಲಖನೌಗಳ ನಡುವೆ ಚಂದಾದಾರರು ತಾವೇ ದೂರದ ಊರಿಗೆ ಕರೆ ಮಾಡುವ ಏರ್ಪಾಟು ಭಾರತದಲ್ಲಿ ಮೊದಲಾಯಿತು. ಮುಂದೆ ಕರೆಗಳು ಅಸಂಖ್ಯವಾಗಿ ಹೆಚ್ಚಿದರೂ ಜೋಡಿಸುವವರು ಉಳಿಯಲಿಲ್ಲ. ನಮ್ಮ ಅಚ್ಚುಕೂಟಗಳ ಮೊಳೆ ಜೋಡಿಸುವವರ ಗತಿಯೂ ಹೀಗೆಯೇ. ಕನ್ನಡದ ಒತ್ತಕ್ಷರ, ಗುಣಿತಾಕ್ಷರಗಳ ಮೊಳೆಗಳನ್ನು ಕಣ್ಣುಮುಚ್ಚಿ ಆರಿಸಬಲ್ಲ ಆ ಬೆರಳುಗಳ ಚಾತುರ್ಯ ಕಂಪ್ಯೂಟರ್ ಬಂದ ಮೇಲೆ ಬೇಡವಾಯಿತು. ಆದರೆ ಮೊಳೆಯ ಜೊತೆಗೆ ಭಾಷೆಯನ್ನೂ ಬಲ್ಲವನಿಗೆ ಕರಡು ತಿದ್ದುವ ದಾರಿ ತೆರೆದಿತ್ತು. ಒಂದೇ ಕೆಲಸವನ್ನು ಕಲಿತವನು ಆ ಕೆಲಸದೊಡನೆ ಹೋಗುತ್ತಾನೆ. ಕೆಲಸದ ಹಿಂದಿನ ವಿದ್ಯೆಯನ್ನು ಬಲ್ಲವನು ದಾಟಿಕೊಳ್ಳುತ್ತಾನೆ.

ಒಡ್ಡಿಕೆಯೊಂದೇ ಕಸುಬಿನ ಬೆಲೆ ಕಟ್ಟುವ ತಕ್ಕಡಿಯಲ್ಲವೆಂಬುದನ್ನೂ ಮರೆಯಬಾರದು. ಯಂತ್ರಬುದ್ಧಿಯಿಂದ ಸುರಕ್ಷಿತವಾದ ಕೆಲಸ ವಿದ್ಯುತ್ತಿನ ಆಘಾತದಿಂದ ಸುರಕ್ಷಿತವೆಂದಲ್ಲ. ಕಂಬದ ಮೇಲಿನ ಕೆಲಸದಲ್ಲಿ ಪ್ರಾಣಭಯವಿದೆ, ಮಳೆಗಾಳಿಯ ರಾತ್ರಿಗಳಿವೆ, ಸಂಬಳವೂ ಗೌರವವೂ ಎಷ್ಟೋ ಕಡೆ ಶ್ರಮಕ್ಕೆ ತಕ್ಕಷ್ಟಿಲ್ಲ. ಇತ್ತ ಕಂಪ್ಯೂಟರ್ ಕಸುಬು ಸಣ್ಣ ಊರಿನ ಬಡಮಕ್ಕಳನ್ನು ಒಂದೇ ತಲೆಮಾರಿನಲ್ಲಿ ಮೇಲಕ್ಕೆತ್ತಿದೆ. ಮೇಲಾಗಿ ಇವೆರಡು ಕಸುಬುಗಳು ಶತ್ರುಗಳಲ್ಲ. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜಿನಂತೆ ೨೦೨೪ರಲ್ಲಿ ಲೋಕದ ದತ್ತಾಂಶ ಕೇಂದ್ರಗಳು ಸುಮಾರು ೪೧,೫೦೦ ಕೋಟಿ ಯೂನಿಟ್ಟು ವಿದ್ಯುತ್ತನ್ನು ಬಳಸಿದವು. ೨೦೩೦ರ ವೇಳೆಗೆ ಇದು ೯೪,೫೦೦ ಕೋಟಿಯನ್ನು ಮುಟ್ಟಬಹುದು. ಕೃತಕ ಬುದ್ಧಿ ಬೆಳೆದಷ್ಟೂ ತಂತಿ ಎಳೆಯುವವನಿಗೆ ಕೆಲಸ ಹೆಚ್ಚುತ್ತದೆ. ಪಾವಗಡದ ಸೌರವಿದ್ಯುತ್ ಕ್ಷೇತ್ರದಂಥವನ್ನು ಜಾಲಕ್ಕೆ ಹೊಂದಿಸಲು ವಿದ್ಯುತ್ತು, ಕಂಪ್ಯೂಟರು ಎರಡನ್ನೂ ಬಲ್ಲವರು ಬೇಕು.

ಆದುದರಿಂದ ಮಗುವಿಗೆ ವಿಭಾಗವನ್ನು ಆರಿಸುವಾಗ ‘ಯಾವುದು ಭದ್ರ’ ಎಂಬ ಒಂದೇ ಪ್ರಶ್ನೆಯನ್ನು ಕೇಳದೆ, ಮೂರನ್ನು ಕೇಳುವುದು ಒಳಿತು. ಈ ಕಸುಬಿನಲ್ಲಿ ಎಷ್ಟು ಬಗೆಯ ಕೆಲಸಗಳು ಹೆಣೆದುಕೊಂಡಿವೆ? ಅದರಲ್ಲಿ ಜನರನ್ನೋ ವಸ್ತುಗಳನ್ನೋ ಎದುರಿಗೆ ಕಂಡು ಮಾಡತಕ್ಕ ಭಾಗವೆಷ್ಟು? ತಪ್ಪಿದರೆ ಹೊಣೆ ಹೊರುವವರು ಯಾರು? ಸೇರಲಿರುವ ಕಾಲೇಜನ್ನೂ ಇವೇ ಪ್ರಶ್ನೆಗಳಿಂದ ಅಳೆಯಬಹುದು. ಬರೆಯುವುದನ್ನು ಮಾತ್ರ ಕಲಿಸುವ ಕಂಪ್ಯೂಟರ್ ವಿಭಾಗ ಇಂದು ಸಾಲದು; ತಂತಿಯನ್ನು ಮುಟ್ಟಿಸದೆ ಪುಸ್ತಕವನ್ನೇ ಒಪ್ಪಿಸಿಕೊಳ್ಳುವ ವಿದ್ಯುತ್ ವಿಭಾಗವೂ ಸಾಲದು. ಗಣಿತದಲ್ಲಿ ನಿಜವಾದ ಒಲವಿರುವ ಹುಡುಗಿಯನ್ನು ಯಂತ್ರದ ಭಯದಿಂದ ಕಂಪ್ಯೂಟರಿನಿಂದ ತಪ್ಪಿಸಬೇಕಾಗಿಲ್ಲ. ಬಿಚ್ಚಿ ಜೋಡಿಸುವುದರಲ್ಲಿ ಸುಖ ಕಾಣುವ ಹುಡುಗನನ್ನು ಮರ್ಯಾದೆಯ ಆಸೆಯಿಂದ ಅದಕ್ಕೆ ದೂಡಬೇಕಾಗಿಯೂ ಇಲ್ಲ. ಒಲವಿದ್ದ ಕಡೆ ಮಗು ಕೆಲಸವನ್ನು ದಾಟಿ ವಿದ್ಯೆಯವರೆಗೆ ಹೋಗುತ್ತದೆ. ಅಲ್ಲಿಯವರೆಗೆ ಹೋದವರಿಗೆ ಒಂದು ಬಾಗಿಲು ಮುಚ್ಚಿದರೂ ಪಕ್ಕದ ಬಾಗಿಲು ಎಲ್ಲಿದೆ ಎಂಬುದು ತಿಳಿದಿರುತ್ತದೆ.